ಗೆರೆಯಣ್ಣನ ಬಲಗೈ

ಊರಿನಲ್ಲಿ ಅವನ ನಿಜವಾದ ಹೆಸರು ಗೊತ್ತಿದ್ದವರು ತಾಯಿ, ಹೆಂಡತಿ ಮತ್ತು ಬ್ಯಾಂಕಿನ ಗುಮಾಸ್ತ ಮಾತ್ರ. ಉಳಿದವರಿಗೆಲ್ಲ ಅವನು ಗೆರೆಯಣ್ಣ. ಅಂಗಡಿಗಳ ಬೋರ್ಡು ಬರೆಯುವುದು ಅವನ ಕಸುಬು. ಬೇರೆ ಪೇಂಟರುಗಳು ಸ್ಕೇಲು ಇಟ್ಟು, ಸೀಮೆಸುಣ್ಣ ಸವರಿದ ದಾರ ಮೀಟಿ, ಗುರುತು ಮಾಡಿಕೊಂಡು ಎಳೆಯುವ ಗೆರೆಯನ್ನು ಇವನು ಬರಿಗೈಯಲ್ಲಿ ಎಳೆಯುತ್ತಿದ್ದ. ಕುಂಚವನ್ನು ಬಣ್ಣದಲ್ಲಿ ಅದ್ದಿ, ಉಸಿರು ಬಿಗಿಹಿಡಿದು, ಈ ತುದಿಯಿಂದ ಆ ತುದಿಗೆ ಒಂದೇ ಎಳೆತ. ನೋಡುತ್ತ ನಿಂತವರೂ ತಮಗೆ ಗೊತ್ತಿಲ್ಲದೆ ಉಸಿರು ಹಿಡಿಯುತ್ತಿದ್ದರು. ಗೆರೆ ಮುಗಿದಾಗ ಅವನು ಇದರಲ್ಲೇನಿದೆ ಮಹಾ ಎಂಬಂತೆ ಕುಂಚವನ್ನು ಚಿಂದಿಗೆ ಒರೆಸುತ್ತಿದ್ದ. ಒಳಗೊಳಗೇ ಹಿಗ್ಗುತ್ತಿದ್ದ ಎನ್ನುವುದು ಬೇರೆ ಮಾತು.

ಅವನ ಜೊತೆಗೆ ಊರೆಲ್ಲ ಸುತ್ತುತ್ತಿದ್ದದ್ದು ಒಂದು ಹಳೇ ಮೋಟಾರ್ ಸೈಕಲ್. ಅವನು ಹುಟ್ಟುವ ಮೊದಲೇ ಅವನ ಅಪ್ಪ ಕೊಂಡದ್ದು. ಅದಕ್ಕೇ ತಾಯಿ ಅದನ್ನು 'ನನ್ನ ಹಿರಿಮಗ' ಎನ್ನುತ್ತಿದ್ದಳು, ಹೆಂಡತಿ 'ನಿಮ್ಮಣ್ಣ' ಎನ್ನುತ್ತಿದ್ದಳು. "ನಿಮ್ಮಣ್ಣ ಇವತ್ತೂ ನೆಲದ ಮೇಲೆ ಎಣ್ಣೆ ಸುರಿಸಿದ್ದಾನೆ, ಬಂದು ಒರೆಸಿ" ಎಂದು ಅಡುಗೆಮನೆಯಿಂದ ಕೂಗುವುದು ಆ ಮನೆಯಲ್ಲಿ ದಿನದ ಮಾತು. ಗೆರೆಯಣ್ಣ ಬೇರೆ ವಿಷಯದಲ್ಲಿ ಎಷ್ಟೇ ಮೆತ್ತಗಿದ್ದರೂ ಬೈಕಿನ ವಿಷಯದಲ್ಲಿ ಮಹಾ ಮೊಂಡ. ಹೆಂಡತಿಯ ತಮ್ಮ ಊರಿನ ಆಚೆ ಬದಿಯಲ್ಲಿ ಗ್ಯಾರೇಜು ಇಟ್ಟಿದ್ದ. ಎಂದೋ ಒಂದು ಸಲ ತಮಾಷೆಗೆ "ಭಾವ, ಇದನ್ನ ಗುಜರಿಗೆ ಹಾಕಿ, ಬಂದ ಕಬ್ಬಿಣದಲ್ಲಿ ಅಕ್ಕನಿಗೊಂದು ಒಲೆ ಮಾಡಿಸಿ ಕೊಡಿ" ಎಂದುಬಿಟ್ಟಿದ್ದ. ಅಂದೇ ಕೊನೆ. ಆಮೇಲೆ ಆ ಬೈಕಿಗೆ ಮೈದುನನ ಸ್ಪಾನರ್ ಸೋಕಲಿಲ್ಲ. ಏನೇ ಕೆಟ್ಟರೂ ಗೆರೆಯಣ್ಣ ತಾನೇ ಬಿಚ್ಚಿ, ತಾನೇ ಜೋಡಿಸಿ, ಉಳಿದ ಒಂದೆರಡು ನಟ್ಟುಗಳನ್ನು ಡಬ್ಬಿಯಲ್ಲಿ ಹಾಕಿಡುತ್ತಿದ್ದ.

ಬೈಕಿನ ಜೊತೆಗೆ ಅಪ್ಪನಿಂದ ಬಂದದ್ದು ಕುಂಚ. ಅಪ್ಪನೂ ಬೋರ್ಡು ಬರೆಯುವವನೇ, ಮಗನಿಗಿಂತ ಒಂದು ಕೈ ಮೇಲೆಂದು ಹಳಬರು ಹೇಳುತ್ತಿದ್ದರು. ಆದರೆ ಮಗ ಕುಂಚ ಹಿಡಿಯಲು ಕಲಿಯುತ್ತಿದ್ದ ಕಾಲಕ್ಕೇ ಅಪ್ಪನ ಬಲಗೈ ನಡುಗತೊಡಗಿತು. ಒಂದು ಬಟ್ಟೆ ಅಂಗಡಿಯ ಬೋರ್ಡಿನ ಮೇಲೆ, ಏಣಿಯ ತುದಿಯಲ್ಲಿ ನಿಂತಿದ್ದಾಗ, ಗೆರೆ ಎರೆಹುಳುವಿನ ಹಾಗೆ ತಿರುಚಿಕೊಂಡಿತು. ಕೆಳಗೆ ನಿಂತಿದ್ದ ಅಂಗಡಿಯವನು ನಕ್ಕ. ಅಪ್ಪ ಏಣಿಯಿಂದ ಇಳಿದವನು ಮತ್ತೆ ಹತ್ತಲಿಲ್ಲ. ಮನೆ ಪಕ್ಕದ ಸಿನಿಮಾ ಟಾಕೀಸಿನಲ್ಲಿ ಟಿಕೆಟು ಹರಿಯುವ ಕೆಲಸಕ್ಕೆ ಸೇರಿ, ಬೈಕಿನ ಕೀಲಿಯನ್ನೂ ಕುಂಚದ ಪೆಟ್ಟಿಗೆಯನ್ನೂ ಮಗನ ಕೈಗೆ ಹಾಕಿದ. "ನಮ್ಮ ಕೈ ಇಷ್ಟೇ ದಿನ ಬರೋದು ಕಣೋ" ಎಂದಿದ್ದ. ಆ ಒಂದು ಮಾತು ಗೆರೆಯಣ್ಣನ ಹೊಟ್ಟೆಯೊಳಗೆ ಕೂತು ಬೆಳೆಯಿತು.

ಕೀಲಿ ಕೊಡುವಾಗ ಅಪ್ಪ ಇನ್ನೊಂದು ಮಾತೂ ಹೇಳಿದ್ದ: ಆಕ್ಸಿಲರೇಟರಿನ ಕೇಬಲ್ಲಿಗೆ ಎಣ್ಣೆ ಬಿಡುವುದನ್ನು ಮರೆಯಬೇಡ. ಹಿಂದೆ ಒಮ್ಮೆ ತಿರುಗಿಸಿದ ಹಿಡಿ ವಾಪಸು ಬಾರದೆ ಬೈಕು ತರಕಾರಿ ಗಾಡಿಯೊಳಕ್ಕೆ ನುಗ್ಗಿತ್ತು. ಆಗ ಅಪ್ಪ ಯಾವುದೋ ಹಳೇ ಪಂಪಿನ ದಪ್ಪ ಸ್ಪ್ರಿಂಗ್ ಹುಡುಕಿ ತಂದು, ಕತ್ತರಿಸಿ, ಕಾರ್ಬುರೇಟರಿನೊಳಗೆ ಕೂರಿಸಿದ್ದ. ಹಿಡಿ ಬಿಟ್ಟ ಕೂಡಲೇ ಟಪ್ಪನೆ ಹಿಂದಕ್ಕೆ ಬರುತ್ತಿತ್ತು. ಮನೆಯಲ್ಲಿ ಅದು ಅಪ್ಪನ ಜಾಣತನದ ಕತೆಯಾಗಿ ಉಳಿಯಿತು. ಮಗ ಬೈಕು ಹಿಡಿದಾಗ ಹೊಸ ಕೇಬಲ್ ಹಾಕಿದ, ಅಪ್ಪನ ಸ್ಪ್ರಿಂಗ್ ಮುಟ್ಟಲಿಲ್ಲ. ಕೇಬಲ್ಲು ಬಿಗಿಯಾಯಿತು ಅನ್ನಿಸಿದಾಗಲೆಲ್ಲ, ಅಪ್ಪ ಮಾಡುತ್ತಿದ್ದ ಹಾಗೆಯೇ, ಪೆಟ್ಟಿಗೆಯಲ್ಲಿದ್ದ ಎಣ್ಣೆ ಸೀಸೆಯಿಂದ ನಾಲ್ಕು ಹನಿ ಬಿಟ್ಟ. ಒಂದೆರಡು ದಿನ ಹಿಡಿ ಹಗುರವಾಗಿರುತ್ತಿತ್ತು. ಮತ್ತೆ ಬಿಗಿಯಾಗುತ್ತಿತ್ತು. ಮತ್ತೆ ನಾಲ್ಕು ಹನಿ.

ಔಷಧಿ ಅಂಗಡಿಯ ಗಾಜಿನ ಕೆಲಸ ಬಂದದ್ದು ಇಷ್ಟೆಲ್ಲ ಆಗಿ ಎಷ್ಟೋ ವರ್ಷಗಳ ಮೇಲೆ. ಅಂಗಡಿ ಇದ್ದದ್ದು ಊರಾಚೆಯ ಏರು ರಸ್ತೆಯ ಮೇಲೆ. ಮನೆಯಿಂದ ಮುಕ್ಕಾಲು ಗಂಟೆ, ದಾರಿಯುದ್ದಕ್ಕೂ ಹಿಡಿಯನ್ನು ತಿರುಚಿ ಹಿಡಿದೇ ಇರಬೇಕು. ಅಂಗಡಿಯ ಒಡತಿ ಬಿಳಿ ಕೋಟು ಹಾಕಿಕೊಂಡು ಮಾತ್ರೆ ಎಣಿಸುವ ಶಿಸ್ತಿನ ಹೆಂಗಸು. ಮುಂಭಾಗದ ದೊಡ್ಡ ಗಾಜಿನ ಮೇಲೆ, ಒಳಬದಿಯಿಂದ, ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಅಕ್ಷರ ಬರೆಯಬೇಕು. ಹೊರಗಿನಿಂದ ನೋಡಿದವರಿಗೆ ಅದು ನೆಟ್ಟಗೆ ಕಾಣಬೇಕು. ಮೊದಲು ಕೂದಲೆಳೆಯಷ್ಟು ತೆಳ್ಳಗಿನ ಕಪ್ಪು ಅಂಚು, ಅದು ಒಣಗಿದ ಮೇಲೆ ಹೊಂಬಣ್ಣ. ಊರಿನಲ್ಲಿ ಹಾಗೆ ಬರೆಯಬಲ್ಲವನು ಇವನೊಬ್ಬನೇ. ಉಳಿದವರೆಲ್ಲ ಸ್ಟಿಕ್ಕರ್ ಅಂಗಡಿಗೆ ಹೋಗಿ ಅಂಟಿಸಿಕೊಂಡು ಬರುವವರು.

ಮೊದಲ ದಿನವೇ ಕುಂಚ ಗಾಜಿಗೆ ತಾಗುತ್ತಲೂ ತುದಿ ಥರಥರನೆ ಅದುರಿತು. ಅಂಚು ಅಂಕುಡೊಂಕಾಯಿತು. ಗೆರೆಯಣ್ಣ ಕುಂಚ ಎತ್ತಿದ. ಚಿಂದಿಯಿಂದ ಒರೆಸಿ ಮತ್ತೆ ಬರೆದ, ಮತ್ತೆ ಅದುರಿತು. ಹಿಂದೆಯೂ ಬೆಳಗಿನ ಹೊತ್ತು ಕೈ ಒಂದಿಷ್ಟು ಸೋತಂತೆ ಅನ್ನಿಸಿದ್ದುಂಟು. ದಪ್ಪ ಅಕ್ಷರಗಳ ತಗಡಿನ ಬೋರ್ಡಿನಲ್ಲಿ ಅದು ಮುಚ್ಚಿಹೋಗುತ್ತಿತ್ತು. ಗಾಜು ಏನನ್ನೂ ಮುಚ್ಚುವುದಿಲ್ಲ. ಬಟ್ಟೆ ಅಂಗಡಿ, ಏಣಿ, ಎರೆಹುಳುವಿನಂಥ ಗೆರೆ, ಕೆಳಗೆ ನಿಂತು ನಕ್ಕವನು, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ಅಪ್ಪನ ರೋಗ ತನಗೂ ಬಂತು ಎಂದುಕೊಂಡ. ಬೇರೆ ಏನಿರಲು ಸಾಧ್ಯ ಎಂದು ಒಂದು ಗಳಿಗೆಯೂ ಯೋಚಿಸಲಿಲ್ಲ. ಹೆದರಿದವನಿಗೆ ಉತ್ತರ ಮೊದಲೇ ಸಿದ್ಧವಾಗಿರುತ್ತದೆ.

ಅವನು ಕಳ್ಳಾಟ ಶುರುಮಾಡಿದ. ಮಧ್ಯಾಹ್ನದ ಹೊತ್ತಿಗೆ ಕೈ ತಾನಾಗಿ ತಹಬಂದಿಗೆ ಬರುತ್ತಿತ್ತು. ಹಾಗಾಗಿ ಬೆಳಿಗ್ಗೆ ಗಾಜು ಒರೆಸುವುದು, ಬಣ್ಣ ಕಲೆಸುವುದು, ಹಿಂದಿನ ದಿನದ ಅಕ್ಷರಕ್ಕೆ ಹೊಂಬಣ್ಣ ತುಂಬುವುದು. ಅಂಚಿನ ಗೆರೆ ಏನಿದ್ದರೂ ಊಟದ ಮೇಲೆ. ಸಂಜೆ ಮನೆ ಮುಟ್ಟಿದಾಗ ಕೈ ಮತ್ತೆ ನಡುಗುತ್ತಿತ್ತು. ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಚಳಿ ಎಂದು ಹೇಳುತ್ತಿದ್ದ. ಬೆವರು ಸುರಿಯುವ ದಿನಗಳಲ್ಲಿ ಚಳಿ ಎಂದರೆ ಯಾವ ಹೆಂಡತಿ ನಂಬುತ್ತಾಳೆ? ಅವಳು ಕಣ್ಣಿಟ್ಟು ನೋಡುತ್ತಿದ್ದಳು ಅಷ್ಟೇ. ವೈದ್ಯರ ಹತ್ತಿರ ಹೋಗಲು ಅವನಿಗೆ ಧೈರ್ಯವಿರಲಿಲ್ಲ. ಅವರು ಕಾಯಿಲೆಗೊಂದು ಹೆಸರು ಇಟ್ಟುಬಿಟ್ಟರೆ ಅದು ಮನೆಯ ಸದಸ್ಯನಾಗಿಬಿಡುತ್ತದೆ ಎಂಬ ಭಯ.

ಆ ಕಳ್ಳಾಟಕ್ಕೂ ಕಲ್ಲು ಬಿತ್ತು. ಒಂದು ದಿನ ಒಡತಿ ಕನ್ನಡಕ ಮೇಲೇರಿಸಿ, "ಗೆರೆಯಣ್ಣ, ಮಧ್ಯಾಹ್ನದ ಮೇಲೆ ಜನ ಜಾಸ್ತಿ. ಬಣ್ಣದ ವಾಸನೆಗೆ ರೋಗಿಗಳು ಮೂಗು ಮುಚ್ಕೋತಾರೆ. ಇನ್ನು ಉಳಿದದ್ದನ್ನ ಬೆಳಗಿನ ಹೊತ್ತೇ ಮುಗಿಸಿಕೊಡಿ" ಎಂದಳು.

"ಬೆಳಿಗ್ಗೆನಾ?"

"ಯಾಕೆ, ಬೆಳಿಗ್ಗೆ ಏನಾಗುತ್ತೆ?"

"ಏನಿಲ್ಲ, ಏನಿಲ್ಲ" ಎಂದ. ಮಾರನೆಯ ಬೆಳಿಗ್ಗೆ ಒಂದೇ ಅಕ್ಷರದ ಅಂಚನ್ನು ಬರೆದು ಒರೆಸಿ, ಬರೆದು ಒರೆಸಿ, ಚಿಂದಿಯೆಲ್ಲ ಕಪ್ಪಾಯಿತು, ಗಾಜು ಮಾತ್ರ ಖಾಲಿ ಉಳಿಯಿತು. ಒಡತಿ ನಗಲಿಲ್ಲ. ನಕ್ಕಿದ್ದರೇ ಚೆನ್ನಾಗಿತ್ತು. ಒಂದು ಕುರ್ಚಿ ತಂದಿಟ್ಟು, "ಸ್ವಲ್ಪ ಕೂತ್ಕೊಳ್ಳಿ" ಎಂದಳು.

ಅಂದು ಸಂಜೆ ಅವನು ಹೆಂಡತಿಯ ಮುಂದೆ ಬಲಗೈಯನ್ನು ಚಾಚಿ ತೋರಿಸಿದ. ಬೆರಳುಗಳು ಅದುರುತ್ತಿದ್ದವು.

"ಅಪ್ಪನದೇ ಕಣೇ ಇದು. ಬಂದೇಬಿಡ್ತು."

ಅವಳು ಆ ಕೈಯನ್ನು ತನ್ನ ಎರಡೂ ಕೈಗಳ ನಡುವೆ ಹಿಡಿದುಕೊಂಡಳು. "ಎಷ್ಟು ದಿನದಿಂದ ನಾನು ಕೇಳ್ಬೇಕು ಅಂತಿದ್ದೆ ಗೊತ್ತಾ? ಕೇಳಿದ್ರೆ ಸಿಡುಕ್ತೀರಿ. ಡಾಕ್ಟ್ರ ಹತ್ರ ಹೋಗೋಣ ರೀ."

"ಹೋಗೋಣ. ಮೊದಲು ನಾಳೆ ಆ ಅಂಗಡಿಗೆ ಹೋಗಿ, ಸ್ಟಿಕ್ಕರ್ ಹಾಕಿಸ್ಕೊಳ್ಳಿ ಅಂತ ಹೇಳಿ ಬರ್ತೀನಿ. ಬೈಕು ನಿನ್ನ ತಮ್ಮನಿಗೆ ಹೇಳು, ಬಂದು ತಗೊಂಡು ಹೋಗ್ಲಿ. ಮಾರ್ತಾನೋ, ಒಲೆ ಮಾಡ್ತಾನೋ, ಅವನಿಷ್ಟ. ಕೈ ನಡುಗೋನು ಗಾಡಿ ಓಡಿಸ್ಬಾರದು."

ಬೈಕಿನ ಮಾತು ಬಂದಾಗಲೇ ಅವಳಿಗೆ ಗಂಡ ಎಷ್ಟು ಸೋತಿದ್ದಾನೆ ಎಂದು ತಿಳಿದದ್ದು. ಸೆರಗಿನಲ್ಲಿ ಕಣ್ಣೊರೆಸಿಕೊಂಡು ತಮ್ಮನಿಗೆ ಫೋನು ಮಾಡಿದಳು.

ಮರುದಿನ ಅವನು ಬಸ್ಸಿನಲ್ಲಿ ಹೋದ. ಸೀಟು ಸಿಕ್ಕಿತು. ಮಡಿಲಲ್ಲಿ ಪೆಟ್ಟಿಗೆ ಇಟ್ಟುಕೊಂಡು, ಏರು ರಸ್ತೆಯುದ್ದಕ್ಕೂ ಕಿಟಕಿಯಿಂದ ಬೋರ್ಡುಗಳನ್ನು ನೋಡುತ್ತ ಕೂತ. ಅರ್ಧ ಅವನವೇ. ಹಾಳಾದದ್ದು, ಚೆನ್ನಾಗಿಯೇ ಬರೆದಿದ್ದೇನೆ ಎನ್ನಿಸಿತು.

ಅಂಗಡಿಯಲ್ಲಿ ಒಡತಿ ಒಬ್ಬ ಮುದುಕನಿಗೆ ಕೆಮ್ಮಿನ ಔಷಧಿ ವಿವರಿಸುತ್ತಿದ್ದಳು. ಮುದುಕನಿಗೆ ಕಿವಿ ಮಂದ, ವಿವರಣೆ ಮುಗಿಯುವ ಹಾಗಿರಲಿಲ್ಲ. ಗೆರೆಯಣ್ಣ ಕಾದ. ಸುಮ್ಮನೆ ಕೂತು ಅಭ್ಯಾಸವಿಲ್ಲದವನು ಪೆಟ್ಟಿಗೆ ತೆರೆದ, ಕುಂಚ ತೆಗೆದ, ಕೊನೆಯದಾಗಿ ಒಂದು ಸಲ ಎಂದುಕೊಂಡು ಗಾಜಿನ ಮುಂದೆ ಮಂಡಿಯೂರಿದ. ಉಸಿರು ಬಿಗಿಹಿಡಿದ. ಎಳೆದ.

ಗೆರೆ ಎಣ್ಣೆಯಲ್ಲಿ ಜಾರಿದ ಹಾಗೆ ಹೋಯಿತು. ತಿರುವಿನಲ್ಲಿ ತಿರುಗಿತು, ತುದಿಯಲ್ಲಿ ಮೊನಚಾಗಿ ನಿಂತಿತು. ಅವನು ಕುಂಚವನ್ನು ನೋಡಿದ, ಕೈಯನ್ನು ನೋಡಿದ, ಗಡಿಯಾರ ನೋಡಿದ. ಇನ್ನೂ ಬೆಳಿಗ್ಗೆಯೇ. ಪಕ್ಕದ ಅಕ್ಷರಕ್ಕೂ ಅಂಚು ಎಳೆದ. ಅದೂ ಬಂತು. ಸಂತೋಷಕ್ಕಿಂತ ಹೆಚ್ಚಾಗಿ ಅವನಿಗೆ ಸಿಟ್ಟು ಬಂತು. ಈ ಕೈ ತನ್ನನ್ನು ಆಟ ಆಡಿಸುತ್ತಿದೆಯೇ?

ಅಷ್ಟರಲ್ಲಿ ಹೊರಗೆ ಪರಿಚಿತ ಗುಡುಗುಡು ಸದ್ದು. ಮೈದುನ ಬೈಕಿನಿಂದ ಇಳಿಯುತ್ತಿದ್ದ. ಬೆಳಿಗ್ಗೆ ಮನೆಗೆ ಬಂದು ಬೈಕು ತೆಗೆದುಕೊಂಡವನನ್ನು ಅಕ್ಕ, "ಹಾಗೇ ಭಾವನ್ನ ನೋಡ್ಕೊಂಡು ಹೋಗು, ಒಬ್ಬರೇ ಹೋಗಿದಾರೆ, ಮನಸ್ಸು ಸರಿಯಿಲ್ಲ" ಎಂದು ಇತ್ತ ಕಳಿಸಿದ್ದಳು. ಅದೇ ಏರು ರಸ್ತೆಯಲ್ಲಿ, ಅದೇ ಮುಕ್ಕಾಲು ಗಂಟೆ ಓಡಿಸಿಕೊಂಡು ಬಂದಿದ್ದ. ಲಾರಿ ಚಕ್ರವನ್ನು ಒಬ್ಬನೇ ಎತ್ತುವ ಆಳು, ಬಾಗಿಲಲ್ಲಿ ನಿಂತು ಬಲಗೈಯನ್ನು ಜಾಡಿಸುತ್ತಿದ್ದ.

"ಸ್ವಲ್ಪ ನೀರು ಕೊಡಿ ತಾಯಿ" ಎಂದ ಒಡತಿಗೆ. ಅವಳು ಲೋಟ ತುಂಬಿ ಕೊಟ್ಟಳು. ಅವನು ಬಲಗೈಯಲ್ಲಿ ತೆಗೆದುಕೊಂಡ. ಲೋಟದ ನೀರು ಕುಣಿಯಿತು, ಅಂಗಿಯ ಮೇಲೆ ತುಳುಕಿತು. ಬೈದುಕೊಂಡು ಎಡಗೈಯನ್ನೂ ಸೇರಿಸಿ, ಎರಡೂ ಕೈಯಲ್ಲಿ ಲೋಟ ಹಿಡಿದು ಕುಡಿದ.

ಗೆರೆಯಣ್ಣ ಮಂಡಿಯೂರಿದಲ್ಲಿಂದಲೇ ಅದನ್ನು ನೋಡಿದ. ಎರಡು ಕೈಯಲ್ಲಿ ಲೋಟ.

"ನಿನ್ನ ಕೈಗೇನಾಯ್ತೋ?"

"ನನ್ನ ಕೈಗೇನು ಭಾವ? ನಿಮ್ಮ ಬೈಕಿಗೇನಾಗಿದೆ ಅಂತ ಕೇಳಿ! ಅದು ಆಕ್ಸಿಲರೇಟರಾ, ಬಾವಿಯಿಂದ ಕೊಡ ಸೇದೋ ಹಗ್ಗಾನಾ? ದಾರಿಯಲ್ಲಿ ಎರಡು ಸಲ ನಿಲ್ಲಿಸಿ ಕೈ ಉಜ್ಜಿಕೊಂಡೆ. ದಿನಾ ಇದನ್ನ ತಿರುಗಿಸಿ ನೀವು ಹೇಗ್ರೀ ಬೋರ್ಡು ಬರೀತೀರಿ?"

"ಬರೀತಿರಲಿಲ್ಲ" ಎಂದ ಗೆರೆಯಣ್ಣ. ಅಲ್ಲಿಯೇ, ಔಷಧಿ ಅಂಗಡಿಯ ನೆಲದ ಮೇಲೆ, ಕಾಲು ಚಾಚಿ ಕೂತುಬಿಟ್ಟ. ಒಡತಿ ಗಾಬರಿಯಾಗಿ ಓಡಿ ಬಂದಳು. ಅವನು ಅವಳತ್ತ ಬಲಗೈ ಚಾಚಿದ. "ನೋಡಿ ಅಮ್ಮ, ನಡುಗ್ತಿದೆಯಾ? ಸರಿಯಾಗಿ ನೋಡಿ." ಅವಳು ಕನ್ನಡಕ ಸರಿಮಾಡಿಕೊಂಡು, ಔಷಧಿ ಚೀಟಿ ಓದುವಷ್ಟೇ ಎಚ್ಚರದಿಂದ ನೋಡಿ, "ಇಲ್ಲವಲ್ಲ" ಎಂದಳು. ಅವನು ನಗತೊಡಗಿದ. ಕಣ್ಣಲ್ಲಿ ನೀರು ಬರುವ ತನಕ ನಕ್ಕ. ಕೆಮ್ಮಿನ ಮುದುಕನಿಗೆ ಏನೂ ಕೇಳಿಸದಿದ್ದರೂ ಅವನೂ ನಕ್ಕ.

ಉಳಿದದ್ದು ಗ್ಯಾರೇಜಿನಲ್ಲಿ ನಡೆಯಿತು. ಗೆರೆಯಣ್ಣ ಹಿಂದಿನ ಸೀಟಿನಲ್ಲಿ ಕೂತು ಹೋದ. ಆ ಬೈಕಿನ ಮೇಲೆ ಅವನು ಹಿಂದೆ ಕೂತದ್ದು ಅಪ್ಪನ ಕಾಲದ ನಂತರ ಅದೇ ಮೊದಲು.

ಮೈದುನ ಪೆಟ್ರೋಲ್ ಟ್ಯಾಂಕು ಎತ್ತಿಟ್ಟ. ಕೇಬಲ್ಲು ಟ್ಯಾಂಕಿನ ಅಡಿಯಲ್ಲಿ ಮೊಣಕೈ ಮಡಿಸಿದ ಹಾಗೆ ಚೂಪಾಗಿ ಬಗ್ಗಿತ್ತು. "ಇದೊಂದು ತಪ್ಪು. ಇದು ಉದ್ದಕ್ಕೆ, ಸಾವಕಾಶವಾಗಿ ಬಳಸಿಕೊಂಡು ಬರ್ಬೇಕು" ಎಂದ. ಕಾರ್ಬುರೇಟರ್ ಬಿಚ್ಚಿದಾಗ ಅಪ್ಪನ ಸ್ಪ್ರಿಂಗ್ ಚಂಗನೆ ಹಾರಿ ನೆಲಕ್ಕೆ ಬಿತ್ತು. ಅದನ್ನು ಹೆಬ್ಬೆರಳಿನಿಂದ ಒತ್ತಲು ನೋಡಿ, ಆಗದೆ, ತಲೆ ಚಚ್ಚಿಕೊಂಡ. "ಇದು ಬೈಕಿಗೆ ಹಾಕೋದಲ್ಲ ಭಾವ, ಬಾವಿಗೆ ಹಾಕೋದು." ಕೊನೆಗೆ ಕೇಬಲ್ಲಿನ ಕೊಳವೆಯೊಳಗಿಂದ ತಂತಿಯನ್ನು ಎಳೆದ. ಬರಲಿಲ್ಲ. ಇಕ್ಕಳದಿಂದ ಹಿಡಿದು ಜಗ್ಗಿದ. ಬಂದ ತಂತಿಯ ಮೈಗೆ ಕಂದು ಬಣ್ಣದ, ಹೊಳೆಯುವ, ಅಂಟಂಟಾದ ಪದರ ಮೆತ್ತಿಕೊಂಡಿತ್ತು.

"ಇದೇನು, ಯಾರಾದ್ರೂ ಗೋಂದು ತುಂಬಿದ್ರಾ?"

ಗೆರೆಯಣ್ಣ ತಂತಿಯನ್ನು ಮೂಗಿನ ಹತ್ತಿರ ತಂದ. ಆ ವಾಸನೆ ಅವನಿಗೆ ತನ್ನ ಮೈವಾಸನೆಯಷ್ಟೇ ಗೊತ್ತು.

"ಅಗಸೆ ಎಣ್ಣೆ" ಎಂದ.

"ಅಗಸೆ ಎಣ್ಣೆನಾ! ಕೇಬಲ್ಲಿಗೆ?"

ಪೇಂಟರನ ಪೆಟ್ಟಿಗೆಯಲ್ಲಿ ಇರುವ ಎಣ್ಣೆ ಅದೊಂದೇ. ಬಣ್ಣಕ್ಕೆ ಅದನ್ನು ಬೆರೆಸುವುದೇ ಅದು ಒಣಗಿ ಗಟ್ಟಿಯಾಗುತ್ತದೆ ಎಂಬ ಕಾರಣಕ್ಕೆ. ಗಾಳಿಗೆ ಆರಿ, ಪೊರೆ ಕಟ್ಟಿ, ಮಳೆ ಬಿಸಿಲಿಗೆ ಜಗ್ಗದ ಹಾಗೆ ಹಿಡಿದುಕೊಳ್ಳುವುದೇ ಅದರ ಗುಣ. ಇದನ್ನು ಗೆರೆಯಣ್ಣ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಬಲ್ಲ. ಬೋರ್ಡಿನ ಮುಂದೆ ಗೊತ್ತಿದ್ದದ್ದು ಬೈಕಿನ ಮುಂದೆ ತಲೆಗೆ ಹೊಳೆಯಲೇ ಇಲ್ಲ. ಹಗುರವಾಗಲಿ ಎಂದು ಬಿಟ್ಟ ಪ್ರತಿ ಹನಿಯೂ ಒಣಗಿ ಇನ್ನಷ್ಟು ಬಿಗಿಮಾಡಿತ್ತು. ಆ ಬಿಗಿಯನ್ನು ಗೆದ್ದು ಹಿಡಿಯನ್ನು ಹಿಂದಕ್ಕೆ ಎಳೆಯಲು ಅಪ್ಪನ ದಪ್ಪ ಸ್ಪ್ರಿಂಗ್. ಇವೆರಡನ್ನೂ ಗೆದ್ದು ಮುಂದಕ್ಕೆ ಓಡಿಸಲು ಈ ಬಡಪಾಯಿ ಬಲಗೈ. "ಕತ್ತೆ" ಎಂದು ಅವನು ತನ್ನನ್ನು ತಾನೇ ಬೈದುಕೊಂಡ. ಜೀವಮಾನದಲ್ಲಿ ಇಷ್ಟು ಖುಷಿಯಿಂದ ಅವನು ಯಾರನ್ನೂ ಬೈದಿರಲಿಲ್ಲ.

ಮೈದುನ ಹೊಸ ಕೇಬಲ್ ಹಾಕಿದ, ತೆಳ್ಳಗಿನ ಮೆಷಿನ್ ಎಣ್ಣೆ ಬಿಟ್ಟ, ಟ್ಯಾಂಕಿನ ಬದಿಯಿಂದ ಸುತ್ತುಹಾಕಿ ತಂದ, ಅಳತೆಗೆ ತಕ್ಕ ಸ್ಪ್ರಿಂಗ್ ಕೂರಿಸಿದ, ಹಿಡಿಯ ಒಳಮೈಯ ತುಕ್ಕು ಕೆರೆದು ಚೂರು ಗ್ರೀಸು ಸವರಿದ. "ತಿರುಗಿಸಿ ನೋಡಿ" ಎಂದ. ಗೆರೆಯಣ್ಣ ಅಭ್ಯಾಸದಂತೆ ಹಲ್ಲು ಕಚ್ಚಿ ತಿರುಗಿಸಿದ. ಇಂಜಿನ್ನು ಬೊಬ್ಬೆ ಹೊಡೆದ ರಭಸಕ್ಕೆ ಗ್ಯಾರೇಜಿನ ನಾಯಿ ಓಡಿಹೋಯಿತು. ಆಮೇಲೆ ಎರಡೇ ಬೆರಳಿನಲ್ಲಿ ತಿರುಗಿಸಿದ. ತಿರುಗಿತು. ಬಿಟ್ಟ. ಟಪ್ಪನೆ ಹಿಂದಕ್ಕೆ ಬಂತು.

"ಗುಜರಿಗೆ ಅಂದಿದ್ದೆಯಲ್ಲೋ ನೀನು."

"ನೀವು ಮುಟ್ಟೋಕೆ ಬಿಟ್ಟಿದ್ರೆ ಯಾವಾಗಲೋ ಹೇಳ್ತಿದ್ದೆ ಭಾವ."

ಗೆರೆಯಣ್ಣ ಬಗ್ಗಿದ. ನೆಲದ ಮೇಲೆ ಬಿದ್ದಿದ್ದ ಅಪ್ಪನ ಸ್ಪ್ರಿಂಗನ್ನು ಎತ್ತಿ ಜೇಬಿಗೆ ಹಾಕಿಕೊಂಡ.

ದಾರಿಯಲ್ಲಿ, ಹಗುರವಾಗಿ ಓಡುವ ಬೈಕಿನ ಮೇಲೆ, ಜೇಬಿನಲ್ಲಿದ್ದ ಆ ಸ್ಪ್ರಿಂಗ್ ತೊಡೆಗೆ ಒತ್ತುತ್ತಿತ್ತು. ಇದೇ ಎಣ್ಣೆಯನ್ನು ಅಪ್ಪನೂ ಬಿಡುತ್ತಿದ್ದ. ಇದೇ ಸ್ಪ್ರಿಂಗನ್ನು ಅಪ್ಪನೂ ತಿರುಚುತ್ತಿದ್ದ. ಹಾಗಾದರೆ ಅಪ್ಪನ ಕೈ? ಅವನಿಗೆ ಮನೆ ಮುಟ್ಟುವ ತನಕ ತಡೆಯುವುದೇ ಕಷ್ಟವಾಯಿತು.

ತಾಯಿ ಜಗುಲಿಯಲ್ಲಿ ಹಳೇ ಹೊದಿಕೆಯೊಂದನ್ನು ಹರವಿಕೊಂಡು ಹೊಲಿಗೆ ಹಾಕುತ್ತಿದ್ದಳು. ಹೆಂಡತಿ ಬಾಗಿಲಲ್ಲಿ ನಿಂತಿದ್ದಳು; ಗಂಡ ಬೈಕಿನ ಮೇಲೆಯೇ ಬಂದದ್ದನ್ನು ನೋಡಿ ಅವಳ ಬಾಯಿ ತೆರೆದೇ ಉಳಿಯಿತು. ಅವನು ಇಬ್ಬರಿಗೂ ಒಂದೇ ಉಸಿರಿನಲ್ಲಿ ಎಲ್ಲ ಹೇಳಿದ. ಹೆಂಡತಿ ಬಾಗಿಲ ಚೌಕಟ್ಟಿಗೆ ಒರಗಿ "ಅಬ್ಬ, ದೇವರೇ" ಎಂದಳು, ಮರುಗಳಿಗೆಯೇ "ನಿಮ್ಮಣ್ಣನ ಕೆಲಸ ಅನ್ನಿ!" ಎಂದು ನಕ್ಕಳು.

"ಅಮ್ಮ, ಅಪ್ಪ ಟಾಕೀಸಿಗೆ ಸೇರಿದ ಮೇಲೆ ಕೈ ನಡುಗ್ತಿತ್ತಾ?"

ತಾಯಿ ಯೋಚಿಸಲೂ ಇಲ್ಲ. "ಎಲ್ಲಿ ನಡುಗ್ತಿತ್ತು? ನನಗೆ ಸೂಜಿ ಕಣ್ಣು ಕಾಣ್ತಿರ್ಲಿಲ್ಲ, ದಿನಾ ಸಂಜೆ ಅವರೇ ದಾರ ಪೋಣಿಸಿ ಕೊಡ್ತಿದ್ರು. ಮತ್ತೆ ಕುಂಚ ಹಿಡೀರಿ ಅಂದ್ರೆ, ಸೂಜಿ ಬೇರೆ, ಏಣಿ ಮೇಲೆ ನಿಂತು ಬರೆಯೋದು ಬೇರೆ ಅನ್ನೋರು. ಒಂದು ಸಲ ಆ ಬಟ್ಟೆ ಅಂಗಡಿಯವನು ನಕ್ಕನಲ್ಲ, ಆ ನಗು ಅವರ ಕಿವಿಯಿಂದ ಹೋಗ್ಲೇ ಇಲ್ಲ."

ಗೆರೆಯಣ್ಣ ಸ್ಪ್ರಿಂಗನ್ನು ಅವಳ ಮುಂದೆ ಹೊದಿಕೆಯ ಮೇಲಿಟ್ಟ. "ಅಪ್ಪನ ಕೈಗೆ ಏನೂ ಆಗಿರ್ಲಿಲ್ಲ ಅಮ್ಮ. ಇದೇ ಆಗಿದ್ದು." ತಾಯಿ ಅದನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಅಪ್ಪ ಇದನ್ನು ಕೇಳಿಸಿಕೊಳ್ಳಲು ಇಲ್ಲವಲ್ಲ ಎಂದು ಅವನಿಗೆ ಸಂಕಟವಾಯಿತು. ಆದರೂ ಇಷ್ಟು ವರ್ಷ ಹೊಟ್ಟೆಯೊಳಗೆ ಕೂತಿದ್ದ ಆ ಮಾತು, ನಮ್ಮ ಕೈ ಇಷ್ಟೇ ದಿನ ಎನ್ನುವ ಮಾತು, ಎದ್ದು ಹೊರಗೆ ಹೋದದ್ದೂ ಅವನಿಗೆ ತಿಳಿಯಿತು. ಗಾಜಿನ ಮೇಲೆ ಇನ್ನೂ ಮೂರು ಅಕ್ಷರ ಬಾಕಿ ಇದ್ದವು. ನಾಳೆ ಬೆಳಿಗ್ಗೆಯೇ ಬರೆಯುತ್ತಾನೆ.

"ನಿಮ್ಮಪ್ಪನೂ ನಿನ್ನ ಹಾಗೇ, ಯಾರನ್ನೂ ಒಂದು ಮಾತು ಕೇಳ್ತಿರ್ಲಿಲ್ಲ" ಎಂದಳು ತಾಯಿ. ಆಮೇಲೆ ಮುಗಿದುಹೋದ ದಾರದ ತುದಿಯನ್ನು ಕತ್ತರಿಸಿ, ಸೂಜಿಯನ್ನೂ ದಾರದ ಉಂಡೆಯನ್ನೂ ಅವನತ್ತ ಚಾಚಿದಳು.

ಇನ್ನೂ ಚಪ್ಪಲಿಯನ್ನೂ ಬಿಟ್ಟಿರಲಿಲ್ಲ ಅವನು. ಬೈಕಿನಿಂದ ಈಗಷ್ಟೇ ಇಳಿದಿದ್ದ. ದಿನದಲ್ಲಿ ಕೈ ತೀರಾ ಹೆಚ್ಚಾಗಿ ನಡುಗುತ್ತಿದ್ದ ಹೊತ್ತು ಇದೇ. ದಾರದ ತುದಿಯನ್ನು ತುಟಿಗಿಟ್ಟು ಒದ್ದೆ ಮಾಡಿ, ಸೂಜಿಯನ್ನು ಬೆಳಕಿಗೆ ಹಿಡಿದ. ತಾಯಿ, ಹೆಂಡತಿ ಇಬ್ಬರೂ ಉಸಿರು ಹಿಡಿದರು. ದಾರ ಒಂದೇ ಸಲಕ್ಕೆ ಸೂಜಿಯ ಕಣ್ಣಿನೊಳಗೆ ಹೋಯಿತು.